ಬೇಡರ ವೇಷದ ಫೋಟೊ ಕಾಮಿಕ್ ಚಿತ್ರವಾಗಬೇಕಾದರೆ ಕಪ್ಪು ಎಲ್ಲಿ ಬೀಳಬೇಕು?

ಪ್ರಶ್ನೆ: ಶಿರಸಿ ಪೇಟೆಯಲ್ಲಿ ರಾತ್ರಿ ಬೇಡರ ವೇಷ ಕುಣಿಯುವಾಗ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿದ್ದೇನೆ. ಕೆಂಪು ಬಳಿದ ಮುಖ, ದೊಡ್ಡ ಮೀಸೆ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ, ಗುರಾಣಿ ಎಲ್ಲ ಚೆನ್ನಾಗಿ ಬಂದಿವೆ. ಇದನ್ನು ಕಾಮಿಕ್ ಪುಸ್ತಕದ ಚಿತ್ರದ ಹಾಗೆ ಗಟ್ಟಿ ಕಪ್ಪು ಬಿಳುಪಿಗೆ ತಂದು ಒಂದು ಎ3 ಪೋಸ್ಟರ್ ಮಾಡಬೇಕು. ನಮ್ಮ ಬಳಗದವರಿಗೆ ಕಪ್ಪು ಮತ್ತು ಕೆಂಪು ಎರಡೇ ಬಣ್ಣದ ಟೀ ಶರ್ಟನ್ನೂ ಮಾಡಿಸಬೇಕು. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಡಿಸ್ಯಾಚುರೇಟ್ ಮಾಡಿ (ಬಣ್ಣ ತೆಗೆದು ಬೂದು ಮಾಡಿ) ಥ್ರೆಶೋಲ್ಡ್ (ಒಂದು ಅಂಕೆಗಿಂತ ಕೆಳಗಿನದ್ದೆಲ್ಲ ಕಪ್ಪು, ಉಳಿದದ್ದೆಲ್ಲ ಬಿಳಿ) ಹಾಕಿದರೆ ಮುಖ ಪೂರ್ತಿ ಕಪ್ಪು. ಮುಖ ಬಿಳಿಯಾಗಲಿ ಎಂದು ಅಂಕೆ ಇಳಿಸಿದರೆ ನವಿಲುಗರಿಯೇ ಮಾಯ. ಕಾರ್ಟೂನ್ ಫಿಲ್ಟರ್ ಹಾಕಿದರೆ ಮೈತುಂಬ ಮಸಿ ಚುಕ್ಕಿ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಪ್ಪಿರುವುದು ಥ್ರೆಶೋಲ್ಡ್‌ನ ಅಂಕೆಯಲ್ಲಲ್ಲ, ಅದಕ್ಕಿಂತ ಒಂದು ಹೆಜ್ಜೆ ಹಿಂದೆ. ಬಣ್ಣವನ್ನು ಬೂದಿಗೆ ಇಳಿಸುವಾಗಲೇ ಮುಖ ಕೈತಪ್ಪಿದೆ.

ಲೆಕ್ಕ ಹಾಕಿ ನೋಡಿ. ಡಿಸ್ಯಾಚುರೇಟ್‌ನ ಲೂಮಾ ವಿಧಾನ ಮೂರು ಬಣ್ಣಗಳನ್ನು ಒಂದೇ ತೂಕದಲ್ಲಿ ಕೂಡಿಸುವುದಿಲ್ಲ. ಹಸಿರಿಗೆ 0.72, ಕೆಂಪಿಗೆ 0.21, ನೀಲಿಗೆ ಬರೀ 0.07 ತೂಕ. ಕೆಂಪು ಬಳಿದ ಕೆನ್ನೆಯ ಒಂದು ಪಿಕ್ಸೆಲ್ ಕೆಂಪು 200, ಹಸಿರು 40, ನೀಲಿ 30 ಇದೆ ಎಂದುಕೊಳ್ಳಿ (0 ಎಂದರೆ ಏನೂ ಇಲ್ಲ, 255 ಎಂದರೆ ಪೂರ್ತಿ). ಅದು ಬೂದಾಗುವಾಗ ಸುಮಾರು 73 ಆಗುತ್ತದೆ. ನೆರಳಿನಲ್ಲಿರುವ ನವಿಲುಗರಿಯ ಪಿಕ್ಸೆಲ್ ಕೆಂಪು 20, ಹಸಿರು 90, ನೀಲಿ 95 ಇದ್ದರೆ ಅದು ಸುಮಾರು 75. ಕಣ್ಣಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಬಣ್ಣ ಬೂದಿನಲ್ಲಿ ಒಂದೇ ಆಗಿಬಿಟ್ಟವು. ಎರಡೂ ಥ್ರೆಶೋಲ್ಡ್ ತಾನಾಗಿ ಹಿಡಿಯುವ ನಡು ಅಂಕೆ 127ರ ಕೆಳಗೆ, ಹಾಗಾಗಿ ಎರಡೂ ಕಪ್ಪು. ಅಂಕೆಯನ್ನು 70ಕ್ಕೆ ಇಳಿಸಿದರೆ ಎರಡೂ ಒಟ್ಟಿಗೇ ಬಿಳಿ. ಇಷ್ಟು ಸಣ್ಣ ಅಂತರದಲ್ಲಿ ಅವನ್ನು ಸರಿಯಾಗಿ ಬೇರೆ ಮಾಡುವ ಅಂಕೆ ಆ ಬೂದು ಚಿತ್ರದಲ್ಲಿ ಸಿಗುವುದಿಲ್ಲ.

ಡಿಸ್ಯಾಚುರೇಟ್ ಬಿಟ್ಟು ನೇರ ಬಣ್ಣದ ಚಿತ್ರಕ್ಕೇ ಥ್ರೆಶೋಲ್ಡ್ ಹಾಕಿದರೆ ಬೇರೊಂದು ಪೇಚು. ಗಿಂಪ್ ಅಲ್ಲಿ ವ್ಯಾಲ್ಯೂ ಚಾನೆಲ್ ಹಿಡಿಯುತ್ತದೆ, ಅಂದರೆ ಮೂರು ಬಣ್ಣಗಳಲ್ಲಿ ಯಾವುದು ದೊಡ್ಡದೋ ಅದನ್ನು. ಆಗ ಕೆನ್ನೆ 200 ಆಗಿ ಮುಖವೆಲ್ಲ ಬಿಳಿಯಾಗುತ್ತದೆ, ಮೂಗಿನ ಗುರುತೇ ಉಳಿಯುವುದಿಲ್ಲ.

ಕಾಮಿಕ್ ಚಿತ್ರದಲ್ಲಿ ಬೂದು ಇಲ್ಲ. ಪ್ರತಿಯೊಂದು ಜಾಗವೂ ಕಪ್ಪು ಅಥವಾ ಬಿಳಿ, ಯಾವುದೆಂದು ಯಾರಾದರೂ ತೀರ್ಮಾನಿಸಲೇಬೇಕು. ಕೈಯಲ್ಲಿ ಬಿಡಿಸುವವರು ಮುಖಕ್ಕೊಂದು, ಬಟ್ಟೆಗೊಂದು, ಹಿನ್ನೆಲೆಗೊಂದು ತೀರ್ಮಾನ ಮಾಡುತ್ತಾರೆ. ಥ್ರೆಶೋಲ್ಡ್ ಇಡೀ ಚಿತ್ರಕ್ಕೆ ಒಂದೇ ತೀರ್ಮಾನ ಮಾಡುತ್ತದೆ. ನೀವು ಮಾಡಬೇಕಾದ್ದು ಇಷ್ಟೇ: ಚಿತ್ರವನ್ನು ಭಾಗ ಮಾಡಿ ಒಂದೊಂದು ಭಾಗಕ್ಕೂ ಬೇರೆ ಬೂದು, ಬೇರೆ ಅಂಕೆ ಕೊಡುವುದು.

ಮೊದಲು ಮೂಲ ಫೈಲ್. ಫೋಟೊವನ್ನು ಮೊಬೈಲಿನಿಂದ ಕಂಪ್ಯೂಟರಿಗೆ ವಾಟ್ಸ್ಯಾಪಿನಲ್ಲಿ ಕಳಿಸಿಕೊಂಡಿದ್ದರೆ ಅದನ್ನು ಬದಿಗಿಟ್ಟು ಕೇಬಲ್ ಹಾಕಿ ಮೂಲವನ್ನೇ ಎಳೆದುಕೊಳ್ಳಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಕಳಿಸಿದ ಫೋಟೊ ಕುಗ್ಗಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಎರಡನೆಯ ಬಾರಿ ಜೆಪೆಗ್ ಒತ್ತಡ ತಿಂದು ಅಂಚುಗಳ ಸುತ್ತ ಚೌಕ ಚೌಕ ಕಲೆ ಕಟ್ಟಿರುತ್ತದೆ. ಫೋಟೊದಲ್ಲಿ ಕಾಣದ ಆ ಕಲೆ ಥ್ರೆಶೋಲ್ಡ್ ಹಾಕಿದೊಡನೆ ಕಪ್ಪಗೆ ಎದ್ದು ನಿಲ್ಲುತ್ತದೆ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಮಾತ್ರ ಬೇಡರ ವೇಷ ಹೊರಡುವುದರಿಂದ ಇನ್ನೊಂದು ಫೋಟೊಗೆ ಎರಡು ವರ್ಷ ಕಾಯಬೇಕು. ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿ.

ಈಗ ಕ್ರಾಪ್. 12 ಮೆಗಾಪಿಕ್ಸೆಲ್ ಫೋಟೊ ನಿಲ್ಲಿಸಿ ತೆಗೆದದ್ದಾದರೆ 3000×4000 ಇರುತ್ತದೆ. ಅದರಲ್ಲಿ ವೇಷಧಾರಿಯನ್ನಷ್ಟೇ ಎ3 ಅಳತೆಯ ಅನುಪಾತದಲ್ಲಿ 2400×3400ಕ್ಕೆ ಕತ್ತರಿಸಿ ಎನ್ನೋಣ. ಇದನ್ನು ಇಮೇಜ್ ಮೆನುವಿನ ಸ್ಕೇಲ್ ಇಮೇಜ್‌ನಲ್ಲಿ ಎರಡು ಪಟ್ಟು ಮಾಡಿ, ಇಂಟರ್‌ಪೊಲೇಶನ್‌ನಲ್ಲಿ ಕ್ಯೂಬಿಕ್ ಅಥವಾ ನೋಹಾಲೊ ಇರಲಿ. 4800×6800 ಆಯಿತು. ಎ3 ಹಾಳೆ 297×420 ಮಿಲಿಮೀಟರ್, ಅದರ ಮೇಲೆ ಇಂಚಿಗೆ ಸುಮಾರು 410 ಪಿಕ್ಸೆಲ್ ಬಿದ್ದಂತಾಯಿತು. ದೊಡ್ಡದು ಮಾಡಿದ ಮಾತ್ರಕ್ಕೆ ಹೊಸ ವಿವರ ಹುಟ್ಟುವುದಿಲ್ಲ, ಗೊತ್ತು. ಆದರೂ ಈ ಕೆಲಸ ಥ್ರೆಶೋಲ್ಡ್‌ಗೆ ಮೊದಲೇ ಆಗಬೇಕು. ಬೂದು ಇರುವಾಗ ದೊಡ್ಡದು ಮಾಡಿದರೆ ಅಂಚು ನುಣ್ಣಗೆ ಹಿಗ್ಗುತ್ತದೆ, ಆಮೇಲೆ ಕತ್ತರಿಸಿದರೆ ಗೆರೆ ಬಾಗಿ ಬರುತ್ತದೆ. ಕಪ್ಪು ಬಿಳುಪು ಆದ ಮೇಲೆ ಹಿಗ್ಗಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಹಲ್ಲು ಬೀಳುತ್ತದೆ. ಪೋಸ್ಟರಿನಲ್ಲಿ ಗೆರೆಗಳು ಗರಗಸದಂತೆ ಕಾಣುವುದಕ್ಕೆ ಬಹುಪಾಲು ಕಾರಣ ಈ ಹಿಂದುಮುಂದು.

ಇನ್ನು ಮುಖ್ಯ ಕೆಲಸ. ಕಲರ್ಸ್ ಮೆನುವಿನಲ್ಲಿ ಕಾಂಪೊನೆಂಟ್ಸ್, ಅದರೊಳಗೆ ಡಿಕಂಪೋಸ್. ಆರ್‌ಜಿಬಿ ಆರಿಸಿ, ಲೇಯರ್‌ಗಳಾಗಿ, ಅಂದರೆ ಒಂದರ ಮೇಲೊಂದು ಕೂರುವ ಪದರಗಳಾಗಿ, ಒಡೆಯುವ ಆಯ್ಕೆಗೆ ಗುರುತು ಹಾಕಿ. ಕೆಂಪು, ಹಸಿರು, ನೀಲಿ ಎಂಬ ಮೂರು ಬೂದು ಲೇಯರ್‌ಗಳಿರುವ ಹೊಸ ಚಿತ್ರ ತೆರೆಯುತ್ತದೆ. ಒಂದೊಂದನ್ನೇ ಕಣ್ಣು ಗುರುತು ಒತ್ತಿ ನೋಡಿ. ಕೆಂಪು ಲೇಯರ್‌ನಲ್ಲಿ ಮುಖ ಬೆಳ್ಳಗೆ ಬೆಳಗುತ್ತದೆ, ಮೀಸೆ, ಹುಬ್ಬು, ಕಣ್ಣಿನ ಕಾಡಿಗೆ ಮಾತ್ರ ಕಪ್ಪು. ನಮ್ಮ ಲೆಕ್ಕದ ಕೆನ್ನೆ ಅಲ್ಲಿ 200, ಗರಿ 20. ಹಸಿರು ಲೇಯರ್‌ನಲ್ಲಿ ತಿರುಗಾಮುರುಗಾ: ಗರಿ 90, ಕೆನ್ನೆ 40. ಮುಖವನ್ನು ಕೆಂಪಿನಿಂದಲೂ ಗರಿಯನ್ನು ಹಸಿರಿನಿಂದಲೂ ತೆಗೆಯಿರಿ. ನೀಲಿ ಲೇಯರನ್ನು ಅಳಿಸಿಬಿಡಿ. ಹಳದಿ ದೀಪದ ಬೆಳಕಿನಲ್ಲಿ ನೀಲಿ ಅಂಶವೇ ಕಡಿಮೆ, ಇರುವಷ್ಟನ್ನು ಕ್ಯಾಮೆರಾ ಎಳೆದು ಹೆಚ್ಚಿಸಿದ್ದರಿಂದ ಆ ಲೇಯರಿನ ತುಂಬ ಮರಳು.

ಕೆಂಪು ಲೇಯರ್‌ನಲ್ಲಿ ಒಂದು ಅಪಾಯ ಉಂಟು. ಹಳದಿ ದೀಪ ಹತ್ತಿರವಿದ್ದರೆ ಕೆಂಪು 255 ಮುಟ್ಟಿ ಉಕ್ಕಿರುತ್ತದೆ, ಕೆನ್ನೆ ಮೂಗು ಎಲ್ಲ ಒಂದೇ ಬಿಳಿ. ಹಿಸ್ಟೋಗ್ರಾಮಿನ (ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ನಕ್ಷೆ) ಬಲತುದಿಯಲ್ಲಿ ಕಂಬ ನಿಂತಿದ್ದರೆ ಹಾಗಾಗಿದೆ ಎಂದು ತಿಳಿಯಿರಿ. ಆಗ ಮುಖದ ನೆರಳು ಹಸಿರು ಲೇಯರ್‌ನಲ್ಲಿ ಅಡಗಿರುತ್ತದೆ. ಹಸಿರಿನ ಒಂದು ಪ್ರತಿಯನ್ನು ಕೆಂಪಿನ ಮೇಲಿಟ್ಟು ಓಪಾಸಿಟಿಯನ್ನು (ಲೇಯರ್ ಎಷ್ಟು ದಟ್ಟವಾಗಿ ಕಾಣಬೇಕೆಂಬ ಅಳತೆ) 30-40 ಪ್ರತಿಶತಕ್ಕೆ ಇಳಿಸಿದರೆ ಮೂಗಿನ ಪಕ್ಕದ ನೆರಳು ಮರಳಿ ಬರುತ್ತದೆ. ಸರಿಕಂಡ ಮೇಲೆ ಎರಡನ್ನೂ ಮರ್ಜ್ ಡೌನ್ ಮಾಡಿ ಒಂದಾಗಿಸಿ.

200 ಪ್ರತಿಶತದಲ್ಲಿ ನೋಡಿದರೆ ಕೆಂಪು ಲೇಯರ್‌ನ ಅಂಚುಗಳಲ್ಲಿ ಚೌಕಗಳು ಕಂಡಾವು. ಮೊಬೈಲಿನ ಜೆಪೆಗ್ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಅರ್ಧ ಅಗಲ, ಅರ್ಧ ಎತ್ತರದಲ್ಲಿ ಉಳಿಸುತ್ತದೆ. ಹಸಿರಿನಲ್ಲಿ ಅದು ಅಷ್ಟಾಗಿ ತೋರುವುದಿಲ್ಲ, ಕೆಂಪಿನಲ್ಲಿ ತೋರುತ್ತದೆ. ಇದಕ್ಕೂ ರಾತ್ರಿಯ ನಾಯ್ಸ್‌ಗೂ (ಆ ಮರಳಿನಂಥ ಕಣಗಳಿಗೂ) ಮದ್ದು ಒಂದೇ: ಫಿಲ್ಟರ್ಸ್, ಬ್ಲರ್, ಸೆಲೆಕ್ಟಿವ್ ಗಾಸಿಯನ್ ಬ್ಲರ್. ಈ ಅಳತೆಯ ಚಿತ್ರಕ್ಕೆ ರೇಡಿಯಸ್ 8ರಿಂದ 10, ಮ್ಯಾಕ್ಸ್ ಡೆಲ್ಟಾ 0.10ರಿಂದ 0.15. ತನಗಿಂತ ತುಂಬ ಬೇರೆಯಾದ ಪಕ್ಕದ ಪಿಕ್ಸೆಲನ್ನು ಇದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಮರಳು ಕರಗಿ ಅಂಚು ಹಾಗೇ ಉಳಿಯುತ್ತದೆ. ಡೆಲ್ಟಾ 0.25 ದಾಟಿಸಿದರೆ ಅಂಚೂ ಕರಗಲು ತೊಡಗುತ್ತದೆ. ಒಮ್ಮೆ ಜೋರಾಗಿ ಹಾಕುವ ಬದಲು ಮೆಲ್ಲಗೆ ಎರಡು ಬಾರಿ ಹಾಕಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಇದು ನಿಧಾನ, ಒಂದು ಚಾ ಕುಡಿಯುವಷ್ಟು ಹೊತ್ತು ಹಿಡಿದೀತು.

ಈಗ ಥ್ರೆಶೋಲ್ಡ್. ಕೆಂಪು ಲೇಯರ್‌ನ ಎರಡು ಪ್ರತಿ, ಹಸಿರಿನ ಒಂದು ಪ್ರತಿ ಮಾಡಿ ಮುಖ, ಬಟ್ಟೆ, ಗರಿ ಎಂದು ಹೆಸರಿಡಿ. ಬಟ್ಟೆಯೂ ಕೆಂಪಾದ್ದರಿಂದ ಅದೂ ಕೆಂಪು ಲೇಯರ್‌ನಿಂದಲೇ ಬರಲಿ, ಅಂಕೆ ಮಾತ್ರ ಬೇರೆ. ಮುಖದ ಲೇಯರ್‌ಗೆ ಥ್ರೆಶೋಲ್ಡ್ ತೆರೆದು ಚಿತ್ರವನ್ನು ಪರದೆಯ ಮೇಲೆ ಅಂಗೈ ಅಗಲಕ್ಕೆ ಕುಗ್ಗಿಸಿಕೊಂಡು ಸ್ಲೈಡರ್ ಎಳೆಯಿರಿ. ದೊಡ್ಡದು ಮಾಡಿಕೊಂಡು ಅಂಕೆ ಹುಡುಕಿದರೆ ಯಾವಾಗಲೂ ತಪ್ಪುತ್ತದೆ, ಕಣ್ಣು ಚೂರುಗಳನ್ನು ನೋಡುತ್ತದೆಯೇ ಹೊರತು ಮುಖವನ್ನಲ್ಲ.

ಮುಖದಲ್ಲಿ ಉಳಿಯಬೇಕಾದ ಕಪ್ಪು ಇವು: ಎರಡು ಹುಬ್ಬು, ಮೇಲಿನ ರೆಪ್ಪೆಯ ಗೆರೆ, ಬೆಳಕಿಗೆ ಎದುರು ಬದಿಯ ಮೂಗಿನ ನೆರಳು, ಮೂಗಿನ ಹೊಳ್ಳೆ, ಮೀಸೆ, ಕೆಳತುಟಿಯ ಅಡಿಯ ಸಣ್ಣ ನೆರಳು, ದವಡೆಯ ಕೆಳಗೆ ಕತ್ತಿನ ಮೇಲೆ ಬೀಳುವ ದೊಡ್ಡ ನೆರಳು. ಇವಿಷ್ಟು ಸರಿಯಾಗಿದ್ದರೆ ಮುಖ ಗುರುತು ಸಿಗುತ್ತದೆ. ಕೆನ್ನೆಯ ಮೇಲೆ ಕಪ್ಪು ಹರಡಲು ಶುರುವಾದ ಕೂಡಲೇ ಅಂಕೆ ಹೆಚ್ಚಾಯಿತೆಂದು ಅರ್ಥ. ಕಣ್ಣಿನ ಬಿಳಿ ಭಾಗ ಎರಡು ಕಣ್ಣಿನಲ್ಲೂ ಸಿಗದಿದ್ದರೆ ಬೆಳಕು ಬಿದ್ದ ಕಡೆಯದ್ದಾದರೂ ಉಳಿಯಲಿ, ನೆರಳಿನ ಕಣ್ಣು ಕಪ್ಪಿನೊಳಗೆ ಮುಳುಗಿದರೆ ಕೆಡುಕಿಲ್ಲ. ಬೇಡರ ವೇಷದ ರೌದ್ರಕ್ಕೆ ಅದೇ ಹೆಚ್ಚು ಒಪ್ಪುತ್ತದೆ.

ಗರಿಯ ಲೇಯರ್‌ನಲ್ಲಿ ಬೇರೆ ತೊಂದರೆ. ದೀಪದ ಬೆಳಕು ಒಂದು ಬದಿಗೆ ಬಿದ್ದು ಇನ್ನೊಂದು ಬದಿ ಕತ್ತಲಿರುವುದರಿಂದ ಯಾವ ಅಂಕೆ ಇಟ್ಟರೂ ಅರ್ಧ ಬೀಸಣಿಗೆ ಬಿಳಿ, ಅರ್ಧ ಕಪ್ಪು. ಥ್ರೆಶೋಲ್ಡ್‌ಗೆ ಮುಂಚೆ ಆ ಲೇಯರ್‌ನ ಒಂದು ಪ್ರತಿಯನ್ನು ಅದರ ಮೇಲಿಟ್ಟು 150 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು, ಮೋಡ್ ಡಿವೈಡ್ ಮಾಡಿ, ಓಪಾಸಿಟಿ 40ರ ಆಸುಪಾಸಿಗೆ ತನ್ನಿ. ಸುತ್ತಲಿನ ಸರಾಸರಿಯಿಂದ ಭಾಗಿಸುವುದರಿಂದ ಬೆಳಕಿನ ಏರುಪೇರು ಇಳಿದು ಗರಿಯ ಕಣ್ಣುಗಳು ಎರಡೂ ಬದಿ ಸಮನಾಗಿ ಏಳುತ್ತವೆ. ಇದನ್ನು ನೂರಕ್ಕೆ ನೂರು ಹಾಕಬೇಡಿ, ಮುಖಕ್ಕಂತೂ ಬೇಡವೇ ಬೇಡ. ನೆರಳಿನ ರಾಶಿಯೆಲ್ಲ ಕರಗಿ ಬರೀ ಗೆರೆ ಉಳಿದು ಜೆರಾಕ್ಸ್ ಪ್ರತಿಯಂತಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ‘ಕಾಮಿಕ್ ಎಫೆಕ್ಟ್’ ಚಿತ್ರಗಳು ಸಪ್ಪೆಯಾಗಿರುವುದು ಇದೇ ಕಾರಣಕ್ಕೆ: ಗೆರೆ ಹೇರಳ, ಗಟ್ಟಿ ಕಪ್ಪು ಇಲ್ಲ.

ಮೂರು ಲೇಯರ್ ಸಿದ್ಧವಾದ ಮೇಲೆ ಮೇಲಿನ ಎರಡಕ್ಕೆ ಕಪ್ಪು ಲೇಯರ್ ಮಾಸ್ಕ್ (ಕಪ್ಪಿರುವಲ್ಲಿ ಲೇಯರ್ ಮುಚ್ಚುವ, ಬಿಳಿಯಿರುವಲ್ಲಿ ತೋರಿಸುವ ಮುಸುಕು) ಕೊಟ್ಟು, ಬೇಕಾದ ಭಾಗವನ್ನು ಬಿಳಿ ಬ್ರಷ್‌ನಿಂದ ತೆರೆಯಿರಿ. ಬ್ರಷ್‌ನ ಹಾರ್ಡ್‌ನೆಸ್ 100 ಇರಲಿ, ಮೆದು ಬ್ರಷ್ ಬಳಸಿದರೆ ಅಂಚಿನಲ್ಲಿ ಬೂದು ನುಸುಳುತ್ತದೆ. ಎರಡು ಲೇಯರ್ ಸೇರುವ ಗಡಿಯನ್ನು ಬಯಲಲ್ಲಿ ಬಿಡಬೇಡಿ. ಮುಖ ಮತ್ತು ಬಟ್ಟೆಯ ಗಡಿ ದವಡೆಯ ನೆರಳಿನೊಳಗೆ ಹಾಯಲಿ, ಗರಿಯ ಗಡಿ ತಲೆಯ ಹೊರಗೆರೆಯ ಗುಂಟ ಹೋಗಲಿ. ಎರಡೂ ಲೇಯರ್ ಕಪ್ಪಾಗಿರುವ ಕಡೆ ಹೊಲಿಗೆ ಹಾಕಿದರೆ ಯಾರಿಗೂ ಕಾಣದು.

ನಿಮ್ಮ ಗಿಂಪ್ 2025ರ ಮಾರ್ಚ್‌ನಲ್ಲಿ ಬಂದ 3.0 ಅಥವಾ ಅದರ ನಂತರದ್ದಾದರೆ ಒಂದು ಅನುಕೂಲವಿದೆ. ಥ್ರೆಶೋಲ್ಡನ್ನು ಲೇಯರ್‌ಗೆ ಖಾಯಂ ಒತ್ತದೆ ಫಿಲ್ಟರ್ ಆಗಿ ಉಳಿಸಿ, ಆಮೇಲೂ ಅಂಕೆ ತಿದ್ದಬಹುದು. 2.10ರಲ್ಲಿ ಆ ಸೌಲಭ್ಯವಿಲ್ಲದ್ದರಿಂದ ಬೂದು ಲೇಯರ್‌ಗಳ ಪ್ರತಿಯನ್ನು ಕೆಳಗೆ ಅಡಗಿಸಿಟ್ಟುಕೊಳ್ಳಿ. ಫೋಟೊಶಾಪ್ ಇದ್ದವರಿಗೆ ಥ್ರೆಶೋಲ್ಡ್ ಅಡ್ಜಸ್ಟ್‌ಮೆಂಟ್ ಲೇಯರ್ ಈ ಕೆಲಸ ಮಾಡುತ್ತದೆ.

ಲೇಯರ್‌ಗಳನ್ನು ಕೂಡಿಸಿದ ಹೊಸ ಪ್ರತಿಗೆ 3 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು ಮತ್ತೆ 127ರಲ್ಲಿ ಥ್ರೆಶೋಲ್ಡ್ ಹಾಕಿ. ಸಣ್ಣ ಚುಕ್ಕಿಗಳು ಉದುರುತ್ತವೆ, ಹರಿದಂತಿದ್ದ ಅಂಚು ಬ್ರಷ್‌ನಲ್ಲಿ ಎಳೆದ ಹಾಗೆ ದುಂಡಗಾಗುತ್ತದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಬ್ಲರ್ 3ರ ಬದಲು 6 ಮಾಡಿದರೆ ದಪ್ಪ ಮಸಿ ಕುಂಚದ ಗುಣ ಬರುತ್ತದೆ, ಆದರೆ ಗರಿಯ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಖಕ್ಕೆ 5, ಗರಿಗೆ 2 ಎಂದು ಬೇರೆ ಬೇರೆ ಕೊಟ್ಟರೂ ಆದೀತು.

ಇಷ್ಟಾದರೂ ಬಿಳಿಗೆ ಬಿಳಿ ತಾಗುವ ಕಡೆ ಚಿತ್ರ ಒಡೆದಿರುತ್ತದೆ. ಬೆಳಕು ಬಿದ್ದ ಬದಿಯ ಕೆನ್ನೆಯ ಹೊರಗೆರೆ ಇಲ್ಲ, ಕತ್ತಿಯ ಅಲಗು ಹಿಂದಿನ ಬಟ್ಟೆಯಲ್ಲಿ ಸೇರಿಹೋಗಿದೆ, ಹಿಡಿ ಸುತ್ತಿದ ಬೆರಳು ಒಂದೇ ಮುದ್ದೆ. ಅಲ್ಲಿಗೆ ಗೆರೆ ಬೇಕು. ನಾಯ್ಸ್ ತೆಗೆದ ಬೂದು ಲೇಯರ್‌ನ ಪ್ರತಿಗೆ ಫಿಲ್ಟರ್ಸ್, ಎನ್‌ಹಾನ್ಸ್, ಹೈ ಪಾಸ್ ಹಾಕಿ, ಸ್ಟ್ಯಾಂಡರ್ಡ್ ಡೀವಿಯೇಶನ್ 8ರ ಸುಮಾರು. ಚಿತ್ರವೆಲ್ಲ ನಡುಬೂದಾಗಿ ಅಂಚುಗಳಷ್ಟೇ ಉಬ್ಬುತ್ತವೆ. ಅದಕ್ಕೆ ಥ್ರೆಶೋಲ್ಡ್ ಹಾಕುವಾಗ ನಡುಬೂದಿಗಿಂತ ತುಸು ಕೆಳಗೆ, 110ರಿಂದ 122ರ ನಡುವೆ ಎಳೆದು ನೋಡಿ. ನಡುಬೂದು ಮುಟ್ಟಿದ ತಕ್ಷಣ ಹಾಳೆಯೆಲ್ಲ ಮಸಿಯಾಗುವುದು ಕಾಣುತ್ತದೆ, ಅಲ್ಲಿಂದ ಹಿಂದೆ ಸರಿಯಿರಿ. ಡೀವಿಯೇಶನ್ ಹೆಚ್ಚಿದಷ್ಟೂ ಗೆರೆ ದಪ್ಪ. ಈ ಲೇಯರನ್ನು ಬಿಳಿ ಮಾಯವಾಗಿ ಕಪ್ಪು ಮಾತ್ರ ಉಳಿಯುವ ಮಲ್ಟಿಪ್ಲೈ ಮೋಡಿನಲ್ಲಿ ಮೇಲಿಟ್ಟು, ಕಪ್ಪು ಮಾಸ್ಕ್ ಹಾಕಿ ಪೂರ್ತಿ ಮುಚ್ಚಿ, ಗೆರೆ ಬೇಕಾದಲ್ಲಿ ಮಾತ್ರ ತೆರೆಯಿರಿ. ಪೂರ್ತಿ ತೆರೆದಿಟ್ಟರೆ ಕೆನ್ನೆಯ ಬಣ್ಣದ ಬಿರುಕು, ಬಟ್ಟೆಯ ನೇಯ್ಗೆ ಎಲ್ಲ ಬಂದು ಕೂರುತ್ತವೆ.

ಕಾರ್ಟೂನ್ ಫಿಲ್ಟರ್ ಮಸಿ ಚೆಲ್ಲಿದ್ದೂ ಇದೇ ಕಾರಣಕ್ಕೆ. ಅದು ಪ್ರತಿ ಪಿಕ್ಸೆಲನ್ನು ಸುತ್ತಲಿನ ಸರಾಸರಿಗೆ ಹೋಲಿಸಿ, ಸರಾಸರಿಗಿಂತ ಕಪ್ಪಿದ್ದರೆ ಇನ್ನಷ್ಟು ಕಪ್ಪು ಮಾಡುತ್ತದೆ. ನಾಯ್ಸ್‌ನ ಕಣವೂ ತನ್ನ ಸುತ್ತಲಿಗಿಂತ ಕಪ್ಪೇ. ಮಾಸ್ಕ್ ರೇಡಿಯಸ್ ತಾನಾಗಿ ಇರುವ 7ರಲ್ಲೇ ಬಿಟ್ಟರೆ ದೊಡ್ಡ ಫೋಟೊದಲ್ಲಿ ಅದಕ್ಕೆ ಕಾಣುವುದು ಕಣಗಳೇ ಹೊರತು ಮೂಗು ಬಾಯಿ ಅಲ್ಲ. ನಾಯ್ಸ್ ತೆಗೆದು ರೇಡಿಯಸ್ 25ರ ಹತ್ತಿರ ಒಯ್ದರೆ ಅದೂ ಮರ್ಯಾದೆಯಾಗಿ ಕೆಲಸ ಮಾಡುತ್ತದೆ.

ಉಳಿದದ್ದು ಕೈಕೆಲಸ, ಇದನ್ನು ತಪ್ಪಿಸಲು ಯಾವ ಫಿಲ್ಟರೂ ಇಲ್ಲ. ಎರಡು ಜಾಗ ಮೊದಲು ನೋಡಿ. ಕಣ್ಣುಗುಡ್ಡೆಯ ಕಪ್ಪಿನಲ್ಲಿ ಒಂದು ಬಿಳಿ ಹೊಳಪು ಬೇಕು. ಫೋಟೊದಲ್ಲಿ ಅದು ಅಳಿಸಿಹೋಗಿದ್ದರೆ ಬೆಳಕು ಬಂದ ಕಡೆಗೆ 12ರಿಂದ 15 ಪಿಕ್ಸೆಲ್‌ನ ಒಂದೇ ಬಿಂದು ಇಡಿ, ಎರಡು ಕಣ್ಣಿಗೂ ಒಂದೇ ದಿಕ್ಕು. ಇನ್ನೊಂದು ಹಲ್ಲು. ವೇಷಧಾರಿ ಹಲ್ಲು ಕಚ್ಚಿದ್ದರೆ ಥ್ರೆಶೋಲ್ಡ್ ಪ್ರತಿ ಹಲ್ಲಿನ ನಡುವೆಯೂ ಕಪ್ಪು ಗೆರೆ ಎಳೆದಿರುತ್ತದೆ, ಅದು ಬಾಚಣಿಗೆಯಂತೆ ಕಾಣುತ್ತದೆ. ಅವನ್ನೆಲ್ಲ ಬಿಳಿಯಿಂದ ಮುಚ್ಚಿ ಮೇಲಿನ ಸಾಲನ್ನು ಒಂದೇ ಬಿಳಿ ಪಟ್ಟಿ ಮಾಡಿ, ಬಾಯಿಯ ಮೂಲೆಯಲ್ಲಿ ಒಂದೆರಡು ಗೆರೆಯ ಸುಳಿವು ಸಾಕು.

ರಾತ್ರಿಯ ಹಿನ್ನೆಲೆ ಕಪ್ಪು, ಕೂದಲೂ ಕಪ್ಪು, ಗರಿಯ ತುದಿಯೂ ಕಪ್ಪು. ಆಕೃತಿ ಎಲ್ಲಿ ಮುಗಿಯಿತೆಂದು ತಿಳಿಯದು. ಫ್ರೀ ಸೆಲೆಕ್ಟ್‌ನಲ್ಲಿ ಹೊರಗೆರೆಯನ್ನು ಸುತ್ತಿ ಹಿಂದಿನ ಅಂಗಡಿ ಬೋರ್ಡು, ಜನ, ತಂತಿ ಎಲ್ಲ ತೆಗೆದುಬಿಡಿ. ಹಿನ್ನೆಲೆ ಬಿಳಿ ಇಟ್ಟರೆ ತೊಂದರೆ ಅಲ್ಲಿಗೆ ಮುಗಿಯಿತು. ಕಪ್ಪೇ ಬೇಕೆಂದಿದ್ದರೆ ಅದೇ ಸೆಲೆಕ್ಷನ್ ಅನ್ನು ಗ್ರೋ ಹಾಕಿ 14 ಪಿಕ್ಸೆಲ್ ಹಿಗ್ಗಿಸಿ, ಆಕೃತಿಯ ಕೆಳಗಿನ ಲೇಯರ್‌ನಲ್ಲಿ ಬಿಳಿ ತುಂಬಿ. ಸುತ್ತ ತೆಳು ಬಿಳಿ ಅಂಚು ನಿಲ್ಲುತ್ತದೆ. ತಮಟೆ ಬಾರಿಸುವವರನ್ನು ಪೂರ್ತಿ ಅಳಿಸುವುದಕ್ಕಿಂತ ಬರೀ ಕಪ್ಪು ಆಕೃತಿಗಳಾಗಿ ಹಿಂದೆ ನಿಲ್ಲಿಸಿದರೆ ಪೋಸ್ಟರಿಗೆ ಊರಿನ ಕಳೆ ಬರುತ್ತದೆ, ಆದರೆ ಟೀ ಶರ್ಟಿಗೆ ಅದು ಭಾರ.

ಬೆಳಕಿನ ಬಗ್ಗೆ ಒಂದು ಮಾತು. ನೀವು ಇದೇ ರೀತಿ ಬೇರೆ ಫೋಟೊ ಮಾಡಲು ಹೊರಟರೆ ಮೂಲ ಸರಿಯಿದ್ದಷ್ಟು ಮೇಲಿನ ಕಷ್ಟ ಕಡಿಮೆ. ಫೋನಿನ ಫ್ಲ್ಯಾಶ್ ನೇರ ಮುಖಕ್ಕೆ ಬಿದ್ದರೆ ನೆರಳೇ ಇರುವುದಿಲ್ಲ, ನೈಟ್ ಮೋಡ್ ಮತ್ತು ಎಚ್‌ಡಿಆರ್ ಹಲವು ಚಿತ್ರ ಬೆರೆಸಿ ನೆರಳನ್ನು ತುಂಬಿಬಿಡುತ್ತವೆ. ಇವನ್ನೆಲ್ಲ ಆಫ್ ಮಾಡಿ. ಗೆಳೆಯರೊಬ್ಬರು ಎಲ್‌ಇಡಿ ಟಾರ್ಚನ್ನು ತಲೆಗಿಂತ ಮೇಲೆ, ಒಂದು ಬದಿಯಿಂದ ಹಿಡಿದರೆ ಬೇಕಾದ ನೆರಳು ತಾನೇ ಬೀಳುತ್ತದೆ. ಕುಣಿತದ ನಡುವೆ ಇದಾಗದು, ಬಣ್ಣ ಹಚ್ಚಿ ಮುಗಿಸಿ ಹೊರಡುವ ಮೊದಲು ಕೇಳಿಕೊಂಡು ಮಾಡಬೇಕು. ಮುಖ ಗುರುತು ಸಿಗುವ ಪೋಸ್ಟರ್, ಟೀ ಶರ್ಟಿಗೆ ಅವರ ಒಪ್ಪಿಗೆಯನ್ನೂ ಆಗಲೇ ಕೇಳಿ. ಕರಾವಳಿಯ ಕಡೆ ಹಗಲಿನಲ್ಲಿ ತೆಗೆಯುವುದಾದರೆ ನಡುಹಗಲು ಬೇಡ, ನೆತ್ತಿಯ ಬಿಸಿಲಿಗೆ ಕಣ್ಣಿನ ಕುಳಿಯೆಲ್ಲ ಕಪ್ಪು ತೂತು. ಕಾರವಾರದ ಕಡಲತೀರದಲ್ಲಿ ಇಳಿಹೊತ್ತಿನ ಬಿಸಿಲು ಕಡಲಿನ ಕಡೆಯಿಂದ ಓರೆಯಾಗಿ ಬರುತ್ತದೆ. ಮುಖವನ್ನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿ ನಿಲ್ಲಿಸಿದರೆ ಅರ್ಧ ಬೆಳಕು, ಅರ್ಧ ನೆರಳು. ಅಲ್ಲಿಯ ಬೈತಕೋಲ ಬಂದರಿನ ದೋಣಿಗಳನ್ನು ಮುಳುಗುವ ಸೂರ್ಯನಿಗೆ ಎದುರಾಗಿ ತೆಗೆದರೆ ಒಂದೇ ಥ್ರೆಶೋಲ್ಡ್‌ಗೆ ಮುಗಿಯುತ್ತದೆ. ಮಳೆಗಾಲದ ಮೋಡದ ಬೆಳಕಿನಲ್ಲಿ ನೆರಳೇ ಇಲ್ಲದ್ದರಿಂದ ಗೆರೆಯ ವಿಧಾನವೊಂದೇ ಗತಿ. ಯಾಣದ ಬಂಡೆಗಳಂಥ ಒರಟು ಮೈಗೆ ಸೆಲೆಕ್ಟಿವ್ ಬ್ಲರ್ ಸಾಲದು, 8ರಿಂದ 10 ರೇಡಿಯಸ್‌ನ ಮೀಡಿಯನ್ ಬ್ಲರ್ ಬೇಕಾಗುತ್ತದೆ.

ಕೆಂಪು ಬಣ್ಣಕ್ಕೆ ಬರೋಣ. ಡಿಕಂಪೋಸ್ ಮಾಡಿದ ಚಿತ್ರ ಬೂದು ಮೋಡಿನಲ್ಲಿರುತ್ತದೆ, ಮೊದಲು ಇಮೇಜ್ ಮೆನುವಿನಲ್ಲಿ ಮೋಡನ್ನು ಆರ್‌ಜಿಬಿಗೆ ಬದಲಿಸಿ. ಕಪ್ಪು ಲೇಯರ್ ಮಲ್ಟಿಪ್ಲೈ ಆಗಿ ಮೇಲಿರಲಿ, ಕೆಳಗೆ ಹೊಸ ಲೇಯರ್‌ನಲ್ಲಿ ಒಂದೇ ಗಟ್ಟಿ ಕೆಂಪು ತುಂಬಿ. ಬಕೆಟ್ ಫಿಲ್‌ನಲ್ಲಿ ಲೈನ್ ಆರ್ಟ್ ಗುರುತಿಸಿ ತುಂಬುವ ಆಯ್ಕೆ 2.10.10ರಿಂದ ಇದೆ, ಗೆರೆ ನಡುವೆ ಸಣ್ಣ ಬಿಟ್ಟ ಜಾಗವಿದ್ದರೂ ಬಣ್ಣ ಹೊರಗೆ ಹರಿಯದು. ಪೋಸ್ಟರೈಸ್ ಮಾಡಿ (ಬಣ್ಣಗಳನ್ನು ಕೆಲವೇ ಹಂತಕ್ಕೆ ಇಳಿಸಿ) ಬಣ್ಣ ತರುವ ಯೋಚನೆ ಇದ್ದರೆ ಬಿಡಿ. 3 ಹಂತ ಎಂದು ಕೊಟ್ಟರೆ ಅದು ಮೂರೂ ಚಾನೆಲನ್ನು ಬೇರೆ ಬೇರೆ ಕತ್ತರಿಸಿ 27 ಬಣ್ಣದವರೆಗೆ ಹುಟ್ಟಿಸುತ್ತದೆ, ಕೆನ್ನೆಯ ಅಂಚಿನಲ್ಲಿ ಎಲ್ಲಿಂದಲೋ ನೇರಳೆ ಪಟ್ಟಿ ಬಂದು ಕೂರುತ್ತದೆ. ಮುಖಕ್ಕೆ ಪೂರ್ತಿ ಕೆಂಪು ಬಳಿಯುವುದಕ್ಕಿಂತ ಬೆಳಕು ಬಿದ್ದ ಕಡೆ ಹಾಳೆಯ ಬಿಳಿ ಬಿಟ್ಟು, ನಡುನೆರಳಿಗೆ ಕೆಂಪು, ಕಡುನೆರಳಿಗೆ ಕಪ್ಪು ಎಂದು ಹಂಚಿದರೆ ಎರಡು ಬಣ್ಣದಲ್ಲಿ ಮೂರು ಹಂತ ಸಿಗುತ್ತದೆ.

ಹಳೆಯ ಕಾಮಿಕ್‌ಗಳ ಚುಕ್ಕಿ ಬೇಕೆಂದರೆ ಕೆಂಪು ತುಂಬಿದ ಈ ಹೊಸ ಲೇಯರ್‌ಗೆ ಮಾತ್ರ ಹಾಕಿ. ಬೆಂಜಮಿನ್ ಡೇ ಎಂಬವರ ಹೆಸರಿನಲ್ಲಿ 1879ರಿಂದ ಬಂದ ಈ ಚುಕ್ಕಿ, ಕಡಿಮೆ ಮಸಿಯಲ್ಲಿ ತಿಳಿ ಬಣ್ಣ ತೋರಿಸುವ ಮುದ್ರಣದ ಉಪಾಯ, ಅಲಂಕಾರವಲ್ಲ. ಆದ್ದರಿಂದ ಅದು ನಡುನೆರಳಿನಲ್ಲಿ ಇದ್ದರಷ್ಟೇ ಚೆಂದ. ಆ ಭಾಗಕ್ಕೆ ಬೂದು ತುಂಬಿ ಡಿಸ್ಟಾರ್ಟ್ಸ್ ಒಳಗಿನ ನ್ಯೂಸ್‌ಪ್ರಿಂಟ್ ಫಿಲ್ಟರ್ ತೆರೆಯಿರಿ. ಪೀರಿಯಡ್ 18 ಪಿಕ್ಸೆಲ್ ಇಟ್ಟರೆ ನಮ್ಮ ಅಳತೆಯಲ್ಲಿ ಚುಕ್ಕಿಯಿಂದ ಚುಕ್ಕಿಗೆ 1.1 ಮಿಲಿಮೀಟರ್, ಪೋಸ್ಟರಿನಲ್ಲಿ ಕೈಯಳತೆ ದೂರದಿಂದ ಕಾಣುತ್ತದೆ. ಟೀ ಶರ್ಟಿನ ಸ್ಕ್ರೀನ್ ಪ್ರಿಂಟಿಂಗಿಗೆ (ಜಾಲರಿ ಪರದೆಯ ಮೂಲಕ ಬಟ್ಟೆಗೆ ಮಸಿ ಒತ್ತುವುದು) ಕೋನ 22.5 ಇಡಿ. 0 ಅಥವಾ 90 ಇಟ್ಟರೆ ಚುಕ್ಕಿಯ ಸಾಲು ಪರದೆಯ ಜಾಲರಿಯ ಎಳೆಯೊಡನೆ ಸೇರಿ ಅಲೆ ಅಲೆಯ ವಿನ್ಯಾಸ ಎದ್ದೀತು. ಚುಕ್ಕಿ ಹಾಕಿದ ಮೇಲೆ ಚಿತ್ರದ ಅಳತೆ ಬದಲಿಸಿದರೂ ಅದೇ ಗತಿ. ಟೀ ಶರ್ಟಿನ ಎದೆಯ ಅಳತೆಗೆ ಬೇರೆ ಫೈಲ್ ಮಾಡಿಕೊಂಡು ಚುಕ್ಕಿಯನ್ನು ಅಲ್ಲೇ ಕೊನೆಗೆ ಹಾಕಿ.

ಸ್ಕ್ರೀನ್ ಪ್ರಿಂಟಿಂಗಿನವರಿಗೆ ಕಪ್ಪಿಗೊಂದು, ಕೆಂಪಿಗೊಂದು ಎಂದು ಎರಡು ಫೈಲ್ ಬೇಕು, ಎರಡೂ ಶುದ್ಧ ಕಪ್ಪಿನಲ್ಲೇ. ಕೆಂಪಿನ ಫೈಲನ್ನು ಕೆಂಪಾಗಿಯೇ ಕೊಟ್ಟರೆ ಪರದೆ ತಯಾರಿಸಲು ಬಳಸುವ ಪಾರದರ್ಶಕ ಫಿಲ್ಮ್ ಮೇಲೆ ಅದು ಅರೆಬರೆ ಬೂದಾಗಿ ಬಿದ್ದು ಬೆಳಕು ತಡೆಯದೆ ಪರದೆ ಕೆಡುತ್ತದೆ. ಇಂಡೆಕ್ಸ್‌ಡ್ ಮೋಡಿನಲ್ಲಿ ಒಂದು ಬಿಟ್ ಕಪ್ಪು ಬಿಳುಪು ಪ್ಯಾಲೆಟ್ ಆರಿಸಿ, ಡಿದರಿಂಗ್ (ಚುಕ್ಕಿ ಚೆಲ್ಲಿ ಬೂದು ತೋರಿಸುವುದು) ಬೇಡ ಎಂದು ಕೊಟ್ಟು ಟಿಫ್ ಅಥವಾ ಪಿಎನ್‌ಜಿ ಮಾಡಿ. ನಾಲ್ಕು ಮೂಲೆಯಲ್ಲೂ ಎರಡೂ ಫೈಲಿನಲ್ಲಿ ಒಂದೇ ಜಾಗಕ್ಕೆ, ಎರಡು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಲು, ಕೂಡುಗುರುತು ಹಾಕಿ. ಕೈಯಲ್ಲಿ ಒತ್ತುವಾಗ ಬಣ್ಣ ಅರ್ಧ ಮಿಲಿಮೀಟರ್ ಜರುಗುವುದು ಮಾಮೂಲು, ಅದಕ್ಕಾಗಿ ಕೆಂಪನ್ನು 8 ಪಿಕ್ಸೆಲ್ ಗ್ರೋ ಮಾಡಿ ಕಪ್ಪಿನ ಅಡಿಗೆ ನುಗ್ಗಿಸಿ, ಇಲ್ಲದಿದ್ದರೆ ನಡುವೆ ಬಟ್ಟೆಯ ಬಿಳಿ ಇಣುಕುತ್ತದೆ. 0.35 ಮಿಲಿಮೀಟರಿಗಿಂತ, ಅಂದರೆ ಇಲ್ಲಿ 6 ಪಿಕ್ಸೆಲ್‌ಗಿಂತ ಸಣ್ಣ ಗೆರೆ ಬಟ್ಟೆಯಲ್ಲಿ ನಿಲ್ಲುವುದು ಕಷ್ಟ. ಗರಿಯ ಸಣ್ಣ ಎಳೆಗಳನ್ನು ಅದಕ್ಕೇ ಮೊದಲೇ ದಪ್ಪ ಮಾಡಿ ಅಥವಾ ತೆಗೆಯಿರಿ.

ಕಪ್ಪು ಟೀ ಶರ್ಟ್ ಮಾಡಿಸುವ ಆಲೋಚನೆ ಇದ್ದರೆ ಚಿತ್ರವನ್ನು ಇನ್ವರ್ಟ್ ಮಾಡಿ ಬಿಳಿ ಮಸಿಯಲ್ಲಿ ಒತ್ತಿಸಬೇಡಿ, ಮುಖ ನೆಗೆಟಿವ್ ಆಗಿ ದೆವ್ವದಂತೆ ಕಾಣುತ್ತದೆ. ಅಲ್ಲಿ ಬಟ್ಟೆಯೇ ಕಪ್ಪು ಮಸಿ. ಒತ್ತಬೇಕಾದ್ದು ಚಿತ್ರದ ಬಿಳಿ ಭಾಗ ಮತ್ತು ಕೆಂಪು ಭಾಗ. ಆಕೃತಿಯೊಳಗಿನ ಬಿಳಿ ಜಾಗಗಳನ್ನು ಸೆಲೆಕ್ಟ್ ಮಾಡಿ ಬೇರೆ ಫೈಲಿನಲ್ಲಿ ಕಪ್ಪು ತುಂಬಿ ಫಿಲ್ಮ್ ಮಾಡಿಸಿ. ಕೆಂಪಿನ ಅಡಿಗೂ ಒಂದು ಪದರ ಬಿಳಿ ಕೇಳಿ, ಕಪ್ಪು ಬಟ್ಟೆಯ ಮೇಲೆ ನೇರ ಬಿದ್ದ ಕೆಂಪು ಕಂದಾಗುತ್ತದೆ. ಮಳೆಗಾಲದಲ್ಲಿ ಕುಮಟೆ, ಕಾರವಾರದ ಕಡೆ ಮಾಡಿಸುವುದಾದರೆ ತುಸು ದಿನ ಮುಂಚೆ ಕೊಡಿ. ಗಾಳಿಯ ತೇವಕ್ಕೆ ಪರದೆಯ ಎಮಲ್ಶನ್ (ಬೆಳಕು ಬಿದ್ದರೆ ಗಟ್ಟಿಯಾಗುವ ಲೇಪ) ಒಣಗುವುದು ತಡ, ಪೂರ್ತಿ ಒಣಗದೆ ಎಕ್ಸ್‌ಪೋಸ್ ಮಾಡಿದರೆ ತೊಳೆಯುವಾಗ ಸಣ್ಣ ಚುಕ್ಕಿಗಳು ಎದ್ದುಹೋಗುತ್ತವೆ.

ಪೋಸ್ಟರನ್ನು ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸುವಾಗ ಪಿಡಿಎಫ್ ಅಥವಾ ಪಿಎನ್‌ಜಿ ಕೊಡಿ, ಜೆಪೆಗ್ ಬೇಡ, ಕಪ್ಪು ಗೆರೆಯ ಸುತ್ತ ಬೂದು ಹುಡಿ ಕಟ್ಟುತ್ತದೆ. ‘ಫಿಟ್ ಟು ಪೇಜ್’ ಬದಲು 100 ಪ್ರತಿಶತದಲ್ಲಿ ತೆಗೆಯಲು ಹೇಳಿ. ಆರಡಿ ಫ್ಲೆಕ್ಸ್ ಬೇಕಾಯಿತೆಂದರೆ ಕಪ್ಪಿನ ಫೈಲನ್ನು ಇಂಕ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ ತೆರೆದು, ಎಷ್ಟು ಹಿಗ್ಗಿಸಿದರೂ ಕೆಡದ ಗೆರೆಗಳಾಗಿ ಬದಲಿಸಲು, ಪಾತ್ ಮೆನುವಿನ ಟ್ರೇಸ್ ಬಿಟ್‌ಮ್ಯಾಪ್ ಹಾಕಿ, ಸ್ಪೆಕಲ್ಸ್ ಅಂಕೆಯನ್ನು 20ರ ಹತ್ತಿರ ಇಟ್ಟರೆ ಉಳಿದ ಧೂಳೂ ಹೋಗುತ್ತದೆ. ಮೂಲೆ ನುಣುಪು ಮಾಡುವ ಸ್ಲೈಡರನ್ನು ಮಾತ್ರ ಕೊನೆಗೆ ಎಳೆಯಬೇಡಿ, ಕತ್ತಿಯ ಮೊನೆ ಮೊಂಡಾಗುತ್ತದೆ.